ಐವತ್ತಾರು ಕ್ವಿಂಟಲ್ ಕೊಬ್ಬರಿಯ ಪದವಿ: ತುಮಕೂರಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಓದಿದ ಖರ್ಚು ಮತ್ತು ಗಳಿಕೆ

ಸಿಇಟಿ ಫಲಿತಾಂಶ ಬಂದ ವಾರದಿಂದ ಸೀಟು ಹಂಚಿಕೆಯ ಕೊನೆಯ ಸುತ್ತು ಮುಗಿಯುವವರೆಗೆ ತುರುವೇಕೆರೆ ತಾಲ್ಲೂಕಿನ ನಮ್ಮೂರಿನ ಕಡೆಯಿಂದ ನನಗೆ ಫೋನು ಬರುತ್ತಲೇ ಇರುತ್ತವೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: "ಮಗನಿಗೆ ಐಎಸ್ ಸಿಕ್ಕಿದೆ ಕಣಮ್ಮ, ಸೇರಿಸಬಹುದಾ, ಹಾಕಿದ ದುಡ್ಡು ಬರುತ್ತಾ?" ನಾನು 2018ರಿಂದ 2022ರವರೆಗೆ ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಎಂಜಿನಿಯರಿಂಗ್ (ಐಎಸ್) ಓದಿ, ಈಗ ಮೂರು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕೆ ಇಲ್ಲವಾದ್ದರಿಂದ, ಒಂದು ಸೇವೆಯನ್ನು ದುಡ್ಡು ಕೊಟ್ಟು ಪಡೆದವಳಾಗಿ ಅದರ ವಿಮರ್ಶೆಯನ್ನು ಅಂಕಿಗಳ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನು ಹೇಳುತ್ತಿಲ್ಲ. ನನಗಾದ ಅನುಭವ ಆ ಒಂದು ಕಾಲೇಜಿಗೆ ಮಾತ್ರ ಸೀಮಿತವಾದುದಲ್ಲ ಎಂಬುದು ಬೇರೆ ಕಡೆ ಓದಿದ ಗೆಳತಿಯರ ಮಾತಿನಿಂದ ನನಗೆ ಗೊತ್ತಿದೆ.

ಮೊದಲು ಖರ್ಚು. ನಮ್ಮಪ್ಪ ಕೊಬ್ಬರಿ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದಲ್ಲಿ ಎಡಗಡೆಯ ಪುಟ ತಿಪಟೂರು ಮಾರುಕಟ್ಟೆಗೆ ಹೋದ ಚೀಲಗಳದ್ದು, ಬಲಗಡೆಯ ಪುಟ ನನ್ನದು. ಕಾಲೇಜಿಗೆ ಕಟ್ಟಿದ್ದು, ರೂಮಿಗೆ ಕೊಟ್ಟಿದ್ದು, ಲ್ಯಾಪ್‌ಟಾಪು, ಪರೀಕ್ಷಾ ಶುಲ್ಕ, ಬಸ್ಸಿನ ಚಾರ್ಜು, ಜೆರಾಕ್ಸಿಗೆ ಕೊಟ್ಟ ನೂರು ರೂಪಾಯಿ ಕೂಡ ಆ ಪುಟದಲ್ಲಿದೆ. ನನ್ನದು ಸಿಇಟಿ ಸೀಟು. ನಾಲ್ಕು ವರ್ಷಕ್ಕೆ ಕಾಲೇಜು ಮತ್ತು ಪರೀಕ್ಷಾ ಶುಲ್ಕ ಸೇರಿ ₹2,66,000. ಮೊದಲ ವರ್ಷ ಖಾಸಗಿ ಪಿಜಿಯಲ್ಲಿದ್ದುದಕ್ಕೆ ₹50,000. ಎರಡನೆಯ ವರ್ಷದಿಂದ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ ಸಿಕ್ಕಿದ್ದರಿಂದ ಊಟ, ವಸತಿಯ ಖರ್ಚು ಹೆಚ್ಚುಕಡಿಮೆ ನಿಂತೇಹೋಯಿತು. ಲ್ಯಾಪ್‌ಟಾಪಿಗೆ ₹42,000, ಪುಸ್ತಕ, ಪ್ರಿಂಟು, ಓಡಾಟಕ್ಕೆ ₹48,000, ಕಾಲೇಜು ಕಡ್ಡಾಯವಾಗಿ ವಸೂಲಿ ಮಾಡಿದ ಪ್ಲೇಸ್‌ಮೆಂಟ್ ತರಬೇತಿ ಶುಲ್ಕ ₹12,000, ಕೊನೆಗೆ ಇಂಟರ್ನ್‌ಶಿಪ್ಪಿಗೆಂದು ಒಂದು ಸಂಸ್ಥೆಗೆ ಕಟ್ಟಿದ್ದು ₹15,000. ಎಲ್ಲ ಕೂಡಿದರೆ ₹4,33,000. ಅಪ್ಪ ಇದನ್ನು ಕೊಬ್ಬರಿಗೆ ಭಾಗಿಸಿ ಬರೆದಿಟ್ಟಿದ್ದರು. 2018ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ ₹7,750. ಆ ದರದಲ್ಲಿ ನನ್ನ ಪದವಿ ಐವತ್ತಾರು ಕ್ವಿಂಟಲ್. ಕಾಯಿ ಒಣಗಿ ಕೊಬ್ಬರಿಯಾಗುವ ನಮ್ಮ ಮನೆಯ ಅಟ್ಟದಿಂದ ವರ್ಷಕ್ಕೆ ಇಳಿಯುತ್ತಿದ್ದುದು ಎಂಟು ಕ್ವಿಂಟಲ್. ಗೊಬ್ಬರ, ಕೂಲಿ, ಸುಲಿಸುವ ಖರ್ಚು ಯಾವುದನ್ನೂ ಕಳೆಯದೆ ನೋಡಿದರೂ ಅದು ಏಳು ವರ್ಷದ ಅಟ್ಟ.

ಇಷ್ಟಕ್ಕೆ ಕೈಗೆ ಬಂದದ್ದೇನು ಎಂಬುದನ್ನು ಹೇಳುವ ಮೊದಲು ಈ ವಿಭಾಗದ ಬಗ್ಗೆ ಇರುವ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಕಂಪ್ಯೂಟರ್ ಸೈನ್ಸ್ ತಪ್ಪಿತು, ಐಎಸ್ ಗತಿಯಾಯಿತು ಎಂದು ಕೊರಗುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಆ ಒಂದು ಹೆಸರಿಗಾಗಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಲಕ್ಷಗಟ್ಟಲೆ ಹೆಚ್ಚಿಗೆ ಕೊಟ್ಟವರನ್ನೂ ನೋಡಿದ್ದೇನೆ. 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಈ ಎರಡು ವಿಭಾಗಗಳ ಬಹುಪಾಲು ವಿಷಯಗಳು ಒಂದೇ: ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ಸ್ ಎಲ್ಲವನ್ನೂ ಇಬ್ಬರೂ ಓದುತ್ತಾರೆ. ನಮ್ಮ 2018ರ ಸ್ಕೀಮಿನಲ್ಲಿ ಆರನೆಯ ಸೆಮಿಸ್ಟರಿಗೆ ಬಂದಾಗ ಐಎಸ್‌ನವರಿಗೆ ಫೈಲ್ ಸ್ಟ್ರಕ್ಚರ್ಸ್, ಸಾಫ್ಟ್‌ವೇರ್ ಟೆಸ್ಟಿಂಗ್‌ಗಳು ಪ್ರಯೋಗಾಲಯದ ಸಮೇತ ಇದ್ದವು. ಕ್ಯಾಂಪಸ್ಸಿಗೆ ಬಂದ ಕಂಪನಿಗಳಲ್ಲಿ ಒಂದಾದರೂ ನಮ್ಮನ್ನು ಹೊರಗಿಟ್ಟು ಅವರನ್ನು ಮಾತ್ರ ಕರೆದದ್ದಿಲ್ಲ. ಅವರು ಸಾಲಿನಲ್ಲಿ ನಿಲ್ಲಿಸಿದ್ದು ಅಂಕ ನೋಡಿ: ಹತ್ತನೆಯ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ 60, ಬಾಕಿ ಉಳಿದ ವಿಷಯ ಇರಕೂಡದು. ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆಯ (ಯುಎಸ್‌ಎನ್) ನಡುವೆ ಸಿಎಸ್ ಎಂದಿದೆಯೋ ಐಎಸ್ ಎಂದಿದೆಯೋ ಎಂದು ಒಂದು ಸಂದರ್ಶನದಲ್ಲೂ ನನ್ನನ್ನು ಕೇಳಲಿಲ್ಲ.

ಬೋಧನೆಯ ಗುಣಮಟ್ಟ ಏಕರೂಪವಾಗಿರಲಿಲ್ಲ. ಡೇಟಾಬೇಸ್ ಪಾಠ ಮಾಡಿದ ಮೇಡಂ ಒಬ್ಬರೇ ನಾನು ಕಟ್ಟಿದ ಶುಲ್ಕದ ಅರ್ಧಭಾಗಕ್ಕೆ ನ್ಯಾಯ ಒದಗಿಸಿದರು ಎಂದು ನಾನು ನಂಬಿದ್ದೇನೆ. ಒಂದೇ ಸಂಗತಿಯನ್ನು ಎರಡು ಕಡೆ ಬರೆದಿಟ್ಟರೆ ಒಂದು ದಿನ ಅವೆರಡೂ ಬೇರೆಬೇರೆ ಆಗಿಯೇ ತೀರುತ್ತವೆ ಎಂಬುದನ್ನು ಹಾಸ್ಟೆಲಿನ ಹಾಜರಿ ಪುಸ್ತಕ ಮತ್ತು ಊಟದ ಪುಸ್ತಕವನ್ನು ತರಿಸಿ ತೋರಿಸಿದವರು ಅವರು. ಇನ್ನೊಂದು ಕಡೆ, ಐದನೆಯ ಸೆಮಿಸ್ಟರಿನ ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಇಆರ್‌ಪಿಯ, ಅಂದರೆ ಕಂಪನಿಯ ಖರೀದಿ, ಮಾರಾಟ, ಲೆಕ್ಕಗಳನ್ನೆಲ್ಲ ಒಂದೇ ಕಡೆ ನಡೆಸುವ ತಂತ್ರಾಂಶದ ಬಗ್ಗೆ ಪಾಠ ಇದ್ದರೂ ನಾವು ಅದನ್ನು ನೋಟ್ಸ್ ನೋಡಿ ಬಾಯಿಪಾಠ ಮಾಡಿದೆವೇ ಹೊರತು ಒಂದು ಅಂಗಡಿಯ ಖರೀದಿ ಬಿಲ್ಲು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂಬುದನ್ನು ಯಾರೂ ತೋರಿಸಲಿಲ್ಲ. ಮಾಹಿತಿಯ ಹೆಸರಿನ ಪದವಿಯಲ್ಲಿ ಮಾಹಿತಿ ಹುಟ್ಟುವ ಜಾಗವನ್ನೇ ಬಿಟ್ಟದ್ದು ಈ ಶಿಕ್ಷಣದ ದೊಡ್ಡ ಕೊರತೆ, ಮತ್ತು ಅದರ ಬೆಲೆ ಮುಂದೆ ಸಂಬಳದಲ್ಲಿಯೇ ಕಾಣಿಸುತ್ತದೆ. 2020ರ ಮಾರ್ಚಿನಲ್ಲಿ ಕಾಲೇಜು ಮುಚ್ಚಿದ ಮೇಲೆ ತಿಂಗಳುಗಟ್ಟಲೆ ಓದು ನಮ್ಮೂರಿನ ನೀರಿನ ಟ್ಯಾಂಕಿನ ಬಳಿ, ನೆಟ್‌ವರ್ಕ್ ಸಿಗುವ ಕಡೆ ನಡೆಯಿತು. ಪ್ರಯೋಗಾಲಯದ ಬಾಗಿಲನ್ನೇ ನೋಡದ ಆ ಅವಧಿಗೂ ಪ್ರಯೋಗಾಲಯದ ಶುಲ್ಕ ಪೂರ್ತಿಯಾಗಿ ಕಟ್ಟಬೇಕಾಯಿತು. ₹15,000 ಕೊಟ್ಟ ಇಂಟರ್ನ್‌ಶಿಪ್ಪಿನಲ್ಲಿ ಪ್ರಮಾಣಪತ್ರ ಬಿಟ್ಟು ಬೇರೇನೂ ಸಿಗಲಿಲ್ಲ, ಅಷ್ಟೇ ಹೇಳಬಲ್ಲೆ.

ಈ ಇಡೀ ವ್ಯವಹಾರದಲ್ಲಿ ನಮಗೆ ಹೆಚ್ಚು ಪೆಟ್ಟು ಬಿದ್ದದ್ದು ಕಾಲೇಜಿನಿಂದಲ್ಲ, ಶಿಕ್ಷಣ ಸಾಲದಿಂದ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ₹4,33,000ದಲ್ಲಿ ₹3,00,000 ಬ್ಯಾಂಕಿನದು, ಉಳಿದದ್ದು ಅಟ್ಟದ್ದು. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನಿನ ಪತ್ರ ಕೇಳುವುದಿಲ್ಲವಾದ್ದರಿಂದ ಸಾಲ ಸಿಗುವುದು ಕಷ್ಟವಾಗಲಿಲ್ಲ. ವರ್ಷಕ್ಕೆ ₹75,000ದಂತೆ ನಾಲ್ಕು ಸಲ ಬಿಡುಗಡೆಯಾಯಿತು. ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂದಾಗ ಅಮ್ಮ ನೆಮ್ಮದಿಯಾಗಿ ಉಸಿರು ಬಿಟ್ಟರು. ಆದರೆ ಕಂತು ಇಲ್ಲ ಎಂದರೆ ಬಡ್ಡಿ ಇಲ್ಲ ಎಂದಲ್ಲ. ಮೊದಲ ₹75,000ಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷ ಸರಳ ಬಡ್ಡಿ ಏರುತ್ತಲೇ ಇತ್ತು. ಶೇ 10ರ ದರದಲ್ಲಿ ವರ್ಷಕ್ಕೆ ₹7,500, ಹದಿನಾಲ್ಕು ವರ್ಷದ ಮೊತ್ತ ₹1,05,000. ಹೀಗೆ ಮೊದಲ ಕಂತು ಕಟ್ಟುವ ದಿನ ನನ್ನ ಹೆಸರಿನಲ್ಲಿದ್ದುದು ಮೂರು ಲಕ್ಷವಲ್ಲ, ₹4,05,000. ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು ₹6,720. ಅವಧಿ ಪೂರ್ತಿ ಕಟ್ಟಿದರೆ ಒಟ್ಟು ₹5,64,000ಕ್ಕೂ ಹೆಚ್ಚು.

ಆ ₹1,05,000ವನ್ನು ನಾವು ಕಟ್ಟಲೇಬೇಕಾಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಕುಟುಂಬದ ವಾರ್ಷಿಕ ಆದಾಯ ₹4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸು ಓದುವ ವಿದ್ಯಾರ್ಥಿಗೆ ಕಂತಿನ ವಿನಾಯಿತಿ ಇರುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ಅದಕ್ಕೆ ಬೇಕಾದದ್ದು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಮಾಡಿಸಿದ ಅದೇ ಪ್ರಮಾಣಪತ್ರದ ನಕಲನ್ನು ನಾನು ಹಾಸ್ಟೆಲಿಗೆ ಕೊಟ್ಟಿದ್ದೆ, ವಿದ್ಯಾರ್ಥಿವೇತನಕ್ಕೆ ಕೊಟ್ಟಿದ್ದೆ, ಕಾಲೇಜಿಗೂ ಕೊಟ್ಟಿದ್ದೆ. ಸಾಲದ ಅರ್ಜಿ ಕೊಟ್ಟ ದಿನ ಬ್ಯಾಂಕಿನ ಮೇಜಿನ ಮೇಲೆ ಇಟ್ಟಿದ್ದ ನನ್ನ ನೀಲಿ ಪ್ಲಾಸ್ಟಿಕ್ ಫೈಲಿನಲ್ಲಿ ಅದರ ಮೂಲಪ್ರತಿಯೇ ಇತ್ತು. ಅದನ್ನು ಕೊಡಿ ಎಂದು ಆ ಶಾಖೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕೆಂಬುದು ನಮಗೂ ತಿಳಿದಿರಲಿಲ್ಲ. ಹದಿಮೂರೂವರೆ ಕ್ವಿಂಟಲ್ ಕೊಬ್ಬರಿ ಒಂದು ಹಾಳೆಯ ಹಿಂದೆ ಹೋಯಿತು ಎಂದು ಅಪ್ಪ ಒಂದೇ ಸಲ ಹೇಳಿದರು, ಮತ್ತೆ ಆ ಮಾತು ಎತ್ತಲಿಲ್ಲ. ಈ ವಿಮರ್ಶೆಯನ್ನು ಓದಿದವರು ಬೇರೆಲ್ಲ ಮರೆತರೂ ಸಾಲಕ್ಕೆ ಸಹಿ ಹಾಕುವ ದಿನವೇ ಬಡ್ಡಿ ಸಹಾಯಧನದ ಅರ್ಜಿಯನ್ನು ಕೇಳಿ ಪಡೆಯಬೇಕು. ಅದಕ್ಕೆ ಅರ್ಹತೆ ಇಲ್ಲದವರು ಓದುವಾಗಲೇ ತಿಂಗಳ ಬಡ್ಡಿಯನ್ನಾದರೂ ಕಟ್ಟಿಕೊಂಡು ಬರುವುದು ಲೇಸು; ಮೊದಲ ವರ್ಷ ಅದು ₹625 ಮಾತ್ರ, ಹಾಗೆ ಕಟ್ಟುವವರಿಗೆ ಬಡ್ಡಿ ದರದಲ್ಲಿ ಶೇ 1ರಷ್ಟು ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ.

ಇನ್ನು ಗಳಿಕೆ. ಏಳನೆಯ ಸೆಮಿಸ್ಟರಿನಲ್ಲಿ ಒಂದು ದೊಡ್ಡ ಐಟಿ ಸೇವಾ ಕಂಪನಿಯಿಂದ ವರ್ಷಕ್ಕೆ ₹3.6 ಲಕ್ಷದ ಆಫರ್ ಸಿಕ್ಕಿತು. ಹೊಸಬರಿಗೆ ಇಂಥ ಕಂಪನಿಗಳು ಕೊಡುವ ಆರಂಭದ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೂರರಿಂದ ನಾಲ್ಕು ಲಕ್ಷದ ನಡುವೆಯೇ ನಿಂತಿದೆ, ಕಾಲೇಜಿನ ಶುಲ್ಕ ನಿಂತಿಲ್ಲ. ಪ್ಯಾಕೇಜು ಎಂದು ಪತ್ರದಲ್ಲಿ ಬರೆಯುವ ಮೊತ್ತದಲ್ಲಿ ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ಸಿಕ್ಕರೆ ಸಿಗುವ ಪ್ರೋತ್ಸಾಹಧನ ಎಲ್ಲವೂ ಸೇರಿರುತ್ತವೆ ಎಂಬುದನ್ನು ಪೋಷಕರು ತಿಳಿದಿರಬೇಕು. ನನ್ನ ಕೈಗೆ ಬರುತ್ತಿದ್ದುದು ತಿಂಗಳಿಗೆ ₹25,000. ಪಿಜಿಗೆ ₹8,500, ಸಾಲದ ಕಂತಿಗೆ ₹6,720, ಓಡಾಟ ಮತ್ತು ಇತರೆ ಖರ್ಚಿಗೆ ₹4,000, ಮನೆಗೆ ₹5,000 ಕಳಿಸಿದ ಮೇಲೆ ಉಳಿಯುತ್ತಿದ್ದುದು ₹780. ಜ್ವರ ಬಂದ ತಿಂಗಳು ಮನೆಗೆ ಕಡಿಮೆ ಹೋಗುತ್ತಿತ್ತು. ಇದೂ ಸಹ ಆಫರ್ ಸಿಕ್ಕಿದ ಕೂಡಲೇ ಶುರುವಾದದ್ದಲ್ಲ. 2022ರ ಆಗಸ್ಟಿನಲ್ಲಿ ಓದು ಮುಗಿದರೂ ಕೆಲಸಕ್ಕೆ ಸೇರುವ ದಿನಾಂಕ ಮುಂದಕ್ಕೆ ಹೋಗುತ್ತ ಹೋಗುತ್ತ 2023ರ ಫೆಬ್ರವರಿ ಬಂತು. ಆ ವರ್ಷ ಪದವಿ ಮುಗಿಸಿದ ಎಷ್ಟೋ ಮಂದಿ ಹೀಗೆಯೇ ಕಾದರು.

ಕಾಯುತ್ತಿದ್ದ ಆ ಆರು ತಿಂಗಳು ನಾನು ತುಮಕೂರಿನ ಬಿ.ಎಚ್. ರಸ್ತೆಯ ಒಂದು ಆಡಿಟರ್ ಕಚೇರಿಯಲ್ಲಿ ₹9,000 ಸಂಬಳಕ್ಕೆ ಕೆಲಸ ಮಾಡಿದೆ, ಮತ್ತು ನನ್ನ ಪದವಿಯ ನಿಜವಾದ ಬೆಲೆ ನನಗೆ ಗೊತ್ತಾದದ್ದು ಅಲ್ಲಿ. ವಸಂತನರಸಾಪುರದ ಒಂದು ಕಾರ್ಖಾನೆಯ ಖರೀದಿ ಪಟ್ಟಿಯನ್ನು ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿಯೊಂದಿಗೆ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ಮೊದಲ ತಿಂಗಳು ನೂರಾರು ಬಿಲ್ಲುಗಳು ಹೊಂದಿಕೆಯಾಗದೆ ಉಳಿದವು. ಕಾರಣ ಹುಡುಕಿದರೆ, ಒಬ್ಬನೇ ವ್ಯಾಪಾರಿಯನ್ನು ಒಂದು ಕಡೆ "ಶ್ರೀ ಲಕ್ಷ್ಮಿ ಟ್ರೇಡರ್ಸ್", ಇನ್ನೊಂದು ಕಡೆ "ಎಸ್.ಎಲ್. ಟ್ರೇಡರ್ಸ್", ಮತ್ತೊಂದು ಕಡೆ "ಲಕ್ಷ್ಮಿ ಟ್ರೇಡರ್ಸ್ ತುಮಕೂರು" ಎಂದು ಬರೆದುಕೊಂಡಿದ್ದರು. ನನಗೆ ಥಟ್ಟನೆ ಡೇಟಾಬೇಸ್ ಮೇಡಂ ನೆನಪಾದರು: ಹೆಸರು ಗುರುತಾಗಲಾರದು, ಬದಲಾಗದ ಕೀಲಿಯೊಂದು ಬೇಕು. ಆ ಕೀಲಿ ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಿತ್ತು. ಜಿಎಸ್‌ಟಿ ಸಂಖ್ಯೆಯ ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್. ಹೆಸರನ್ನು ಬಿಟ್ಟು ಆ ಸಂಖ್ಯೆ ಮತ್ತು ಬಿಲ್ಲಿನ ನಂಬರನ್ನು ಜೋಡಿಸಿ ಹುಡುಕುವಂತೆ ಬರೆದ ಮೇಲೆ, ನಾಲ್ಕು ದಿನ ಹಿಡಿಯುತ್ತಿದ್ದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಹತ್ತು ವರ್ಷದಿಂದ ಅಲ್ಲಿದ್ದ ಅಣ್ಣನವರು ಪಕ್ಕದಲ್ಲಿ ಕುಳಿತು ಪೂರ್ತಿ ನೋಡಿ, "ಇದನ್ನ ಕಾಲೇಜಲ್ಲಿ ಹೇಳ್ಕೊಡ್ತಾರಾ?" ಎಂದು ಕೇಳಿದರು. ಅರ್ಧ ಹೇಳಿಕೊಡುತ್ತಾರೆ ಎಂದೆ. ಉಳಿದರ್ಧವನ್ನು, ಅಂದರೆ ಖರೀದಿ ಎಂದರೇನು, ಹೂಡುವಳಿ ತೆರಿಗೆ (ಖರೀದಿಯ ಮೇಲೆ ಕೊಟ್ಟ ತೆರಿಗೆ) ಎಂದರೇನು, ಬಿಲ್ಲು ತಡವಾದರೆ ಯಾರಿಗೆ ನಷ್ಟ ಎಂಬುದನ್ನು ಹೇಳಿಕೊಟ್ಟವರು ಅವರೇ. ಮೊದಲ ಕಂಪನಿಯಲ್ಲಿ ಎರಡು ವರ್ಷ ಮುಗಿಸಿ ಇಆರ್‌ಪಿ ಕೆಲಸದ ಈಗಿನ ಕಂಪನಿಗೆ ಬರುವಾಗ ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಿದ್ದು ಆ ಜಿಎಸ್‌ಟಿ ತಾಳೆಯ ಬಗ್ಗೆಯೇ. ಈಗ ಕೈಗೆ ಬರುವುದು ₹46,000.

ಪದವಿಯ ಬೆಲೆಯನ್ನು ಅದಿಲ್ಲದೆ ಏನಾಗುತ್ತಿತ್ತು ಎಂಬುದರ ಎದುರಿಗಿಟ್ಟು ನೋಡದೆ ಹೇಳಬಾರದು. ನನ್ನ ಚಿಕ್ಕಪ್ಪನ ಮಗ ನನ್ನ ವಾರಿಗೆಯವನು. ಅವನು ಅದೇ 2018ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಸಿಎ ಸೇರಿ, ಮೂರು ವರ್ಷಕ್ಕೆ ₹48,000 ಖರ್ಚು ಮಾಡಿ, 2021ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ ₹16,000ದ ಕೆಲಸಕ್ಕೆ ಸೇರಿದ. ಆಡಿಟರ್ ಕಚೇರಿಯ ಆರು ತಿಂಗಳನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ, ನಾನು ಕಂಪನಿಯ ಮೊದಲ ಸಂಬಳ ಎಣಿಸುವ ಹೊತ್ತಿಗೆ ಅವನು ಹದಿನೆಂಟು ತಿಂಗಳಲ್ಲಿ ₹2,88,000 ದುಡಿದಿದ್ದ. ನನ್ನ ಹೆಚ್ಚಿನ ಖರ್ಚು ₹3,85,000, ಮೇಲೆ ಆ ₹1,05,000 ಬಡ್ಡಿ. ಮೂರನ್ನೂ ಕೂಡಿದರೆ ನಾನು ಅವನಿಗಿಂತ ₹7,78,000 ಹಿಂದೆ ನಿಂತು ಓಟ ಶುರುಮಾಡಿದ್ದೆ. ಮೊದಲ ಎರಡು ವರ್ಷ ನಮ್ಮಿಬ್ಬರ ಸಂಬಳದ ಅಂತರ ತಿಂಗಳಿಗೆ ₹3,000 ಇತ್ತು, ಅಂದರೆ ₹72,000 ತುಂಬಿತು. ಈಗ ಅವನದು ₹34,000, ಅಂತರ ₹12,000. ಇದೇ ಅಂತರ ಉಳಿದರೆ ಬಾಕಿ ₹7,06,000 ತುಂಬಲು ಆ ಎರಡು ವರ್ಷದ ಮೇಲೆ ಐವತ್ತೊಂಬತ್ತು ತಿಂಗಳು, ಅಂದರೆ ಕೆಲಸಕ್ಕೆ ಸೇರಿದ ದಿನದಿಂದ ಏಳು ವರ್ಷ. ಅದಾದ ಮೇಲಿನದ್ದು ಮಾತ್ರ ನನ್ನ ಎಂಜಿನಿಯರಿಂಗ್ ಪದವಿಯ ಲಾಭ. ಇದು ಎರಡು ಮನೆಯ ಲೆಕ್ಕವೇ ಹೊರತು ಎಲ್ಲರಿಗೂ ಹೊಂದುವ ಸೂತ್ರವಲ್ಲ. ಆದರೆ ಬಿಸಿಎ ಓದಿದವನು ದಡ್ಡ, ಎಂಜಿನಿಯರ್ ಗೆದ್ದವನು ಎಂದು ಮದುವೆ ಮನೆಗಳಲ್ಲಿ ಆಡುವ ಮಾತಿಗಿಂತ ಇದು ಸತ್ಯಕ್ಕೆ ಹತ್ತಿರವಾಗಿದೆ. ಬಿಸಿಎ ಮುಗಿಸಿದವರಿಗೆ ಎಂಸಿಎ ಕೂಡ ಈಗ ಎರಡೇ ವರ್ಷ.

ಅದೇ ತರಗತಿಯಲ್ಲಿ ನನ್ನ ಪಕ್ಕದ ಬೆಂಚಿನ ಗೆಳತಿ ಮ್ಯಾನೇಜ್‌ಮೆಂಟ್ ಸೀಟಿಗೆ ನಾಲ್ಕು ವರ್ಷಕ್ಕೆ ₹9 ಲಕ್ಷ ಶುಲ್ಕ ಕಟ್ಟಿದಳು. ಇಬ್ಬರಿಗೂ ಒಂದೇ ಪಾಠ, ಒಂದೇ ಪ್ರಯೋಗಾಲಯ, ಒಂದೇ ಕಂಪನಿಯ ₹3.6 ಲಕ್ಷದ ಆಫರ್. ₹7.5 ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಆಸ್ತಿಯ ಆಧಾರ ಕೇಳುತ್ತದೆ. ಅವರ ಮನೆಯವರು ತೋಟದ ಪತ್ರ ಇಟ್ಟು ₹8 ಲಕ್ಷ ತೆಗೆದರು. ನನ್ನಂತೆಯೇ ವರ್ಷಕ್ಕೊಂದು ಭಾಗ ಬಿಡುಗಡೆಯಾಗಿ, ಅದೇ ಶೇ 10ರ ಸರಳ ಬಡ್ಡಿ ಸೇರಿ ಅದು ₹10,80,000 ಆಯಿತು. ಏಳು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು ₹17,900. ಕೈಗೆ ₹25,000 ಬರುವಾಗ ಈ ಕಂತು ಕಟ್ಟುವುದು ಹೇಗೆ? ಎರಡು ವರ್ಷ ಅವರಪ್ಪನೇ ಕಟ್ಟಿದರು. ನನ್ನ ಚಿಕ್ಕಪ್ಪನ ಮಗನೊಡನೆ ಅವಳನ್ನು ಇದೇ ರೀತಿ ತೂಗಿದರೆ ಹಾಕಿದ್ದು ಮರಳುವುದಕ್ಕೆ ಹನ್ನೆರಡು ವರ್ಷಕ್ಕೂ ಹೆಚ್ಚು ಬೇಕು. ಆದ್ದರಿಂದ ಸಿಇಟಿ ಸೀಟಿನ ಬೆಲೆಗೆ ನಾನು ಈ ಪದವಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಸಾಲ ಮಾಡಿ ಕೊಳ್ಳುವ ಮ್ಯಾನೇಜ್‌ಮೆಂಟ್ ಸೀಟಿನ ಬೆಲೆಗೆ ಒಂದೂವರೆಗಿಂತ ಹೆಚ್ಚು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೊಡುವ ಪದವಿ ಒಂದೇ ಆದರೂ ಕೊಳ್ಳುವ ಬೆಲೆ ಬೇರೆಯಾದಾಗ ಅದು ಬೇರೆಯೇ ಸರಕು.

ಸಿಇಟಿ ಸೀಟಿಗಿಂತ ಕಡಿಮೆಗೆ ಸಿಗುವ ದಾರಿಗಳೂ ಇವೆ, ಅವನ್ನು ಯಾರೂ ಮನೆ ಬಾಗಿಲಿಗೆ ಬಂದು ಹೇಳುವುದಿಲ್ಲ. ವಾರ್ಷಿಕ ಆದಾಯ ₹8 ಲಕ್ಷದೊಳಗಿನ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕ ಇಲ್ಲದ ಎಸ್‌ಎನ್‌ಕ್ಯು (ಸೂಪರ್‌ನ್ಯೂಮರರಿ ಕೋಟಾ) ಸೀಟುಗಳು ಶೇ 5ರಷ್ಟು ಹೆಚ್ಚುವರಿಯಾಗಿ ಇರುತ್ತವೆ. ಹಾಗೆಯೇ ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಮೂರನೆಯ ಸೆಮಿಸ್ಟರಿಗೆ ಸೇರಿದರೆ ಎಂಜಿನಿಯರಿಂಗಿನ ಒಂದು ವರ್ಷದ ಶುಲ್ಕ ಉಳಿಯುತ್ತದೆ. ಜೊತೆಗೆ, ನನ್ನ ತರಗತಿಗೆ ಹಾಗೆ ಬಂದವರು ಕೈಕೆಲಸದಲ್ಲಿ ನಮಗಿಂತ ಮುಂದಿದ್ದರು.

ನನ್ನ ತಂಗಿ ಆ ದಾರಿ ಹಿಡಿದಿದ್ದಾಳೆ. ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ ಈ ವರ್ಷ ಡಿಸಿಇಟಿ ಬರೆದಿದ್ದಾಳೆ, ಸಂಜೆ ಹೊತ್ತು ಅದೇ ಆಡಿಟರ್ ಕಚೇರಿಗೆ ಹೋಗಿ ಲೆಕ್ಕ ಕಲಿಯುತ್ತಿದ್ದಾಳೆ. ಹೋದ ಭಾನುವಾರ ಊರಿಗೆ ಹೋಗಿದ್ದಾಗ ಅಪ್ಪ ಅವಳ ಕಾಗದಪತ್ರಗಳನ್ನು ನನ್ನ ಹಳೆಯ ನೀಲಿ ಫೈಲಿನಲ್ಲಿ ಜೋಡಿಸುತ್ತಿದ್ದರು. ಆದಾಯ ಪ್ರಮಾಣಪತ್ರದ ನಾಲ್ಕು ನಕಲುಗಳಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟದ್ದರ ಮೂಲೆಯಲ್ಲಿ "ಬ್ಯಾಂಕಿಗೆ, ಬಡ್ಡಿ ಅರ್ಜಿ" ಎಂದು ಪೆನ್ನಿನಲ್ಲಿ ಬರೆದಿದ್ದರು.